ಇಪ್ಪತ್ತು ನಿಮಿಷದ ಆಪ್ತ

1997ರ ಜೂನ್ 27ರಂದು, ದೆಹಲಿಯ ಅಪೊಲೊ ಆಸ್ಪತ್ರೆಯಲ್ಲಿ ಸುರೇಂದ್ರ ಪ್ರತಾಪ್ ಸಿಂಗ್ ತೀರಿಕೊಂಡರು. ಹನ್ನೊಂದು ದಿನ ಹಿಂದಷ್ಟೇ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ವಯಸ್ಸು 48. ಸಹೋದ್ಯೋಗಿಗಳಿಗೂ ವೀಕ್ಷಕರಿಗೂ ಅವರು ಬರೀ ‘ಎಸ್‌ಪಿ’. ಮಂತ್ರಿ ಸತ್ತರೆ ಬಾವುಟ ಇಳಿಸುವುದು, ಸಿನಿಮಾ ನಟ ಹೋದರೆ ಬೀದಿಯೇ ಅಳುವುದು ದೇಶಕ್ಕೆ ಗೊತ್ತಿತ್ತು. ಟಿವಿಯಲ್ಲಿ ಸುದ್ದಿ ಹೇಳುವ ಒಬ್ಬ ಪತ್ರಕರ್ತನಿಗಾಗಿ ಮನೆಮಂದಿಯೆಲ್ಲ ಮರುಗುವುದು ಆಗ ಹೊಸದು.

ಆ ದುಃಖ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ದೂರದರ್ಶನದ ಕಾಲಕ್ಕೆ ಹೋಗಬೇಕು. 1965ರಲ್ಲಿ ದಿನನಿತ್ಯದ ವಾರ್ತೆ ಶುರುವಾದಾಗಿನಿಂದ ಮೂರು ದಶಕ ದೇಶದ ಟಿವಿ ಸುದ್ದಿ ಎಂದರೆ ಸರಕಾರದ ಸುದ್ದಿ. ವಾರ್ತೆ ಓದುವವರನ್ನು ಜನ ಪ್ರೀತಿಸುತ್ತಿದ್ದರು. ಸಲ್ಮಾ ಸುಲ್ತಾನ್ ಮುಡಿಯುತ್ತಿದ್ದ ಗುಲಾಬಿಯನ್ನು ಇಂದಿಗೂ ನೆನೆಯುವವರಿದ್ದಾರೆ. 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯ ಸುದ್ದಿಯನ್ನು ದೇಶಕ್ಕೆ ಓದಿ ಹೇಳಿದ್ದು ಅವರೇ. ಆದರೆ ಓದುವವರ ಕೈಯಲ್ಲಿದ್ದ ಹಾಳೆ ಅವರದಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಮುಖ ಮನೆಯವರದಂತೆ ಪರಿಚಿತ, ಮಾತು ಮಾತ್ರ ಕಚೇರಿಯದು.

ಬಿರುಕು ಮೂಡಿದ್ದು 1988ರ ಸುಮಾರಿಗೆ. ಇಂಡಿಯಾ ಟುಡೇ ಬಳಗ ‘ನ್ಯೂಸ್‌ಟ್ರ್ಯಾಕ್’ ಎಂಬ ಸುದ್ದಿ ಮ್ಯಾಗಜಿನ್ನನ್ನು ವಿಡಿಯೊ ಕ್ಯಾಸೆಟ್ಟಿನಲ್ಲಿ ಹೊರತಂದಿತು. ದೂರದರ್ಶನ ತೋರಿಸದ್ದನ್ನು ನೋಡಲು ಜನ ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದರು. ಮುಂದೆ 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ, ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು, ಸರಕಾರದ ಏಕಸ್ವಾಮ್ಯವಲ್ಲ ಎಂದು ತೀರ್ಪಿತ್ತಿತು. ಅದೇ ವರ್ಷ ಜುಲೈ 17ರಂದು ದೂರದರ್ಶನದ ಮೆಟ್ರೊ ವಾಹಿನಿಯಲ್ಲಿ ‘ಆಜ್ ತಕ್’ ಶುರುವಾಯಿತು. ಖಾಸಗಿ ಸಂಸ್ಥೆ ತಯಾರಿಸಿ ಸರಕಾರಿ ವಾಹಿನಿಗೆ ಒಪ್ಪಿಸುವ ಹಿಂದಿ ಸುದ್ದಿ, ಇಪ್ಪತ್ತೇ ನಿಮಿಷ. ತಾಸುಗಟ್ಟಲೆ ಚರ್ಚೆ ಇಲ್ಲ, ಕಿರುಚಾಟವೂ ಇಲ್ಲ.

ಅದರ ಚುಕ್ಕಾಣಿ ಹಿಡಿದವರು ಎಸ್‌ಪಿ. ಅವರು ಟಿವಿಯವರಲ್ಲ, ಅಪ್ಪಟ ಪತ್ರಿಕೆಯ ಮನುಷ್ಯ. ಹುಟ್ಟಿದ್ದು ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಹಳ್ಳಿಯಲ್ಲಿ, ಬೆಳೆದದ್ದು ಕಲ್ಕತ್ತಾ ಬಳಿಯ ಗಾರುಲಿಯಾದಲ್ಲಿ. ಮುಂಬೈಯಲ್ಲಿ ಧರ್ಮವೀರ ಭಾರತಿ ಸಂಪಾದಕರಾಗಿದ್ದ ‘ಧರ್ಮಯುಗ’ದಲ್ಲಿ ಕಸುಬು ಕಲಿತು, 1977ರಲ್ಲಿ ಆನಂದ ಬಜಾರ್ ಬಳಗದ ‘ರವಿವಾರ’ ವಾರಪತ್ರಿಕೆಗೆ ಬಂದರು. ಹಿಂದಿಯಲ್ಲಿ ಸಂಪಾದಕ ಎಂದರೆ ಸಾಹಿತಿಯೇ ಆಗಿರಬೇಕು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಎಸ್‌ಪಿ ಕಥೆ–ಕವಿತೆಗಳ ಜಾಗಕ್ಕೆ ಹಳ್ಳಿ, ಜಿಲ್ಲೆ, ಜಾತಿ, ಭೂಮಿಯ ವರದಿಗಳನ್ನು ತಂದರು. ಊರೂರಿನ ಹುಡುಗರಿಂದ ಬರೆಸಿದರು. ಆಮೇಲೆ ‘ನವಭಾರತ್ ಟೈಮ್ಸ್’ನಲ್ಲಿ ಸಂಪಾದಕ ರಾಜೇಂದ್ರ ಮಾಥುರ್ ಅವರ ಜತೆ ಕೆಲಸ ಮಾಡಿದರು. 1991ರ ಏಪ್ರಿಲ್‌ನಲ್ಲಿ ಮಾಥುರ್ ಕೂಡ ಹೀಗೆಯೇ ಹಠಾತ್ತನೆ ತೀರಿಕೊಂಡರು. ಹಿಂದಿ ಓದುಗಲೋಕಕ್ಕೆ ಅದು ದೊಡ್ಡ ಪೆಟ್ಟು. ಆದರೂ ಪತ್ರಿಕೆಯ ಸಂಪಾದಕ ಬಹುತೇಕ ಓದುಗರಿಗೆ ಹೆಸರು, ಸಹಿ. ಅವರ ದನಿ ಮನೆಯೊಳಗೆ ಕೇಳಿಸಿರುವುದಿಲ್ಲ.

ಎಸ್‌ಪಿಯ ದನಿ ಕೇಳಿಸುತ್ತಿತ್ತು. ಗಡ್ಡದ, ಸಾಧಾರಣ ಉಡುಪಿನ ಮನುಷ್ಯ, ಸಂಸ್ಕೃತದ ಭಾರವಿಲ್ಲದ ಹಿಂದಿಯಲ್ಲಿ ಪಕ್ಕದಲ್ಲಿ ಕೂತವನಿಗೆ ಹೇಳುವಂತೆ ಸುದ್ದಿ ಹೇಳುತ್ತಿದ್ದರು. ಕೊನೆಯಲ್ಲಿ, ಇವತ್ತಿನವರೆಗಿನ ಸುದ್ದಿ ಇಷ್ಟು, ನಾಳೆಯವರೆಗೆ ಕಾಯಿರಿ ಎಂಬ ಮಾತು. ಅದು ಉತ್ತರ ಭಾರತದ ಮಕ್ಕಳ ಬಾಯಲ್ಲೂ ನಲಿದಾಡಿತು.

ಕಾರ್ಯಕ್ರಮ ಶುರುವಾಗಿ ಎರಡು ತಿಂಗಳಾಗಿತ್ತು. ಸೆಪ್ಟೆಂಬರ್ 21ರ ಬೆಳಿಗ್ಗೆ ದೆಹಲಿಯ ಒಂದು ಗುಡಿಯಲ್ಲಿ ಗಣೇಶನ ವಿಗ್ರಹ ಹಾಲು ಕುಡಿಯಿತೆಂಬ ಸುದ್ದಿ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ದೇಶದ ಉದ್ದಗಲಕ್ಕೂ, ವಿದೇಶದ ಗುಡಿಗಳ ಮುಂದೂ ಚಮಚ–ಲೋಟ ಹಿಡಿದವರ ಸಾಲು. ಅಂಥ ದಿನ ಭಕ್ತಿಯ ಅಲೆಯ ಮೇಲೆ ತೇಲುವುದು ಸುಲಭ, ಅದಕ್ಕೆ ವೀಕ್ಷಕರೂ ಹೆಚ್ಚು. ಎಸ್‌ಪಿಯ ತಂಡ ಬೇರೊಂದು ದೃಶ್ಯ ತೋರಿಸಿತು: ಚಪ್ಪಲಿ ಹೊಲಿಯುವವರು ಮೊಳೆ ಬಡಿಯಲು ಇಟ್ಟುಕೊಳ್ಳುವ ಕಬ್ಬಿಣದ ಮುಕ್ಕಾಲಿಯೂ ಅದೇ ರೀತಿ ಹಾಲು ‘ಕುಡಿಯುತ್ತಿದೆ’! ಸರಕಾರಿ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ಅದನ್ನೇ ತೋರಿಸಿ, ದ್ರವದ ಮೇಲ್ಮೈ ಎಳೆತವೇ ಕಾರಣವೆಂದು ವಿವರಿಸಿದರು. ವಿಜ್ಞಾನಿಯ ವಿವರಣೆ ಎಷ್ಟು ಜನಕ್ಕೆ ತಲುಪಿತೋ, ಆ ಮುಕ್ಕಾಲಿ ಎಲ್ಲರಿಗೂ ಅರ್ಥವಾಯಿತು. ನಂಬಿದವರನ್ನು ಗೇಲಿ ಮಾಡದೆ, ಕಣ್ಣೆದುರಿಗೆ ಪುರಾವೆ ಇಡುವ ಈ ಕ್ರಮವೇ ಎಸ್‌ಪಿಗೆ ಮನೆಗಳ ಬಾಗಿಲು ತೆರೆಯಿತು ಎನ್ನಬೇಕು.

ಅವರ ಕೊನೆಯ ದೊಡ್ಡ ಸುದ್ದಿ ಬೆಂಕಿಯದು. 1997ರ ಜೂನ್ 13, ಶುಕ್ರವಾರ ದೆಹಲಿಯ ಗ್ರೀನ್ ಪಾರ್ಕ್‌ನ ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಓಡುತ್ತಿತ್ತು. ನೆಲಮಹಡಿಯ ವಾಹನ ನಿಲುಗಡೆಯಲ್ಲಿದ್ದ ಟ್ರಾನ್ಸ್‌ಫಾರ್ಮರ್‌ನಿಂದ ಹೊತ್ತಿದ ಬೆಂಕಿಯ ಹೊಗೆ ಬಾಲ್ಕನಿ ತುಂಬಿತು. ಹೆಚ್ಚುವರಿ ಕುರ್ಚಿ ಹಾಕಿ ದಾರಿ ಮುಚ್ಚಿದ್ದರಿಂದ ಜನ ಹೊರಬರಲಾಗಲಿಲ್ಲ. ಉಸಿರುಗಟ್ಟಿ 59 ಮಂದಿ ಸತ್ತರು. ಆ ವರದಿಗಳನ್ನು ಹೇಳುವಾಗ ಎಸ್‌ಪಿ ಒಳಗೊಳಗೇ ಕುಸಿದಿದ್ದರು ಎಂದು ಜತೆಯಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. 16ರಂದು ಅವರೇ ಆಸ್ಪತ್ರೆ ಸೇರಿದರು. ಆ ಬೆಂಕಿಯೇ ಅವರನ್ನು ಕೊಂದಿತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ವೈದ್ಯಶಾಸ್ತ್ರ ಅದನ್ನು ಒಪ್ಪಬೇಕಿಲ್ಲ. ಆದರೆ ಜನ ಹಾಗೆ ನಂಬಿದ್ದೇಕೆಂದರೆ, ಸತ್ತವರ ಲೆಕ್ಕ ಹೇಳುವವನಿಗೂ ಎದೆ ನೋಯುತ್ತದೆಂದು ಅವರು ಮೊದಲ ಬಾರಿಗೆ ಕಣ್ಣಾರೆ ಕಂಡಿದ್ದರು.

ಎಸ್‌ಪಿ ತೀರಿಕೊಂಡಾಗ ಕಾರ್ಯಕ್ರಮ ಎರಡು ವರ್ಷ ತುಂಬಲು ಇಪ್ಪತ್ತು ದಿನ ಬಾಕಿ ಇತ್ತು. ಎರಡು ವರ್ಷವೂ ಪೂರ್ತಿಯಾಗದ ಪರಿಚಯ ಇಷ್ಟು ಆಳಕ್ಕೆ ಇಳಿಯಬಹುದೆಂದು ಟಿವಿ ಉದ್ಯಮಕ್ಕೇ ಗೊತ್ತಿರಲಿಲ್ಲ. ಎಸ್‌ಪಿ ಬೆಳೆಸಿದ ಹುಡುಗರು ಮುಂದೆ ಹಿಂದಿಯ ನಾನಾ ವಾಹಿನಿಗಳಿಗೆ ಹಂಚಿಹೋದರು. 2000ದ ಡಿಸೆಂಬರ್ 31ರಂದು ‘ಆಜ್ ತಕ್’ ಇಪ್ಪತ್ನಾಲ್ಕು ತಾಸಿನ ವಾಹಿನಿಯಾಯಿತು. ಪ್ರತಿ ಜೂನ್ 27 ಸಮೀಪಿಸುತ್ತಲೇ ಹಿಂದಿ ಪತ್ರಕರ್ತರು ಅವರನ್ನು ಕುರಿತು ಬರೆಯುತ್ತಾರೆ, ದೆಹಲಿಯಲ್ಲಿ ಸ್ಮರಣೆಯ ಸಭೆಗಳು ನಡೆದಿವೆ. ಅವನ್ನು ಓದಿದರೆ ಕಾಣುವುದು ಬರೀ ಹೊಗಳಿಕೆಯಲ್ಲ, ಇಂದಿನ ಸುದ್ದಿಮನೆಗಳ ಬಗೆಗಿನ ಕಳವಳವೂ ಹೌದು.

ಇಂಥದೇ ದುಃಖ ಮತ್ತೊಮ್ಮೆ ಕಂಡದ್ದು 2022ರ ಜನವರಿ 14ರಂದು. ಎನ್‌ಡಿಟಿವಿಯ ಲಖನೌ ವರದಿಗಾರ ಕಮಾಲ್ ಖಾನ್ ಹೃದಯಾಘಾತದಿಂದ ತೀರಿಕೊಂಡರು. ಉತ್ತರ ಪ್ರದೇಶದಲ್ಲಿ ವಿಧಾನಸಭೆ ಚುನಾವಣೆಯ ಕಾವು ಏರಿದ್ದ ದಿನಗಳು. ಹಿಂದಿನ ರಾತ್ರಿಯೂ ಅವರು ವರದಿ ಮಾಡಿದ್ದರು. ಪರಸ್ಪರ ಕೆಸರೆರಚುತ್ತಿದ್ದ ಯೋಗಿ ಆದಿತ್ಯನಾಥ, ಅಖಿಲೇಶ್ ಯಾದವ್, ಮಾಯಾವತಿ ಮೂವರೂ ಸಂತಾಪ ಸೂಚಿಸಿದರು. ತಗ್ಗಿದ ದನಿಯಲ್ಲಿ, ಒಂದೊಂದು ಪದವನ್ನೂ ತೂಗಿ ಆಡುತ್ತಿದ್ದ ವರದಿಗಾರನಿಗೆ ಸಂದ ಗೌರವ ಅದು. ಎಸ್‌ಪಿ ಹಾಕಿದ ದಾರಿಯಲ್ಲಿ ನಡೆದವರು ಇನ್ನೂ ಇದ್ದರು ಎಂಬುದಕ್ಕೆ ಸಾಕ್ಷಿಯೂ ಹೌದು.

ಎಸ್‌ಪಿ ಬರಹಗಳು ಆರ್. ಅನುರಾಧಾ ಸಂಪಾದಕತ್ವದಲ್ಲಿ ‘ಪತ್ರಕಾರಿತಾ ಕಾ ಮಹಾನಾಯಕ್’ ಎಂಬ ಹೆಸರಿನ ಸಂಚಯವಾಗಿ ಬಂದಿವೆ. ಕನ್ನಡದ ಸುದ್ದಿವಾಹಿನಿಗಳಲ್ಲಿ ಕೆಲಸಕ್ಕೆ ಸೇರುತ್ತಿರುವ, ಹಿಂದಿ ಬಲ್ಲ ಹುಡುಗ ಹುಡುಗಿಯರು ಮೈಕ್ ಹಿಡಿಯುವ ಮೊದಲು ಅದನ್ನೊಮ್ಮೆ ಓದಬೇಕು.