ನಿಂತಲ್ಲೇ ದಣಿಯುವ ಡೈನಮೋ

ಓಡುವ ಬಸ್ಸಿಗಿಂತ ನಿಂತ ಬಸ್ಸು ತನ್ನ ಆಲ್ಟರ್ನೇಟರನ್ನು ಹೆಚ್ಚು ದಣಿಸಬಲ್ಲದು. ಪ್ರಯಾಣಿಕರನ್ನು ಹೊತ್ತು ತಿರುಗುವ ಬಸ್ಸಿನಲ್ಲಿ ಈ ಮಾತಿಗೆ ಅಷ್ಟು ಅರ್ಥವಿಲ್ಲ. ಅದೇ ಬಸ್ಸಿನ ಸೀಟು ಕಿತ್ತು, ಮಂಚ ಹಾಕಿ, ಫ್ರಿಜ್ಜು ಕೂರಿಸಿ, ಫ್ಯಾನು ದೀಪಗಳನ್ನು ಸೇರಿಸಿ ಸಂಚಾರಿ ಕ್ಲಿನಿಕ್ಕನ್ನೋ ತರಗತಿಯನ್ನೋ ಮಾಡಿದಾಗ ಪೂರ್ತಿ ಅರ್ಥ ಬರುತ್ತದೆ. ಆಗ ಬಸ್ಸು ಓಡುವುದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಮಿಕ್ಕ ಹೊತ್ತೆಲ್ಲ ಒಂದು ಕಡೆ ನಿಂತು ಕರೆಂಟು ಕುಡಿಯುತ್ತಿರುತ್ತದೆ.

ಪೀಣ್ಯಕ್ಕೂ ನೆಲಮಂಗಲಕ್ಕೂ ನಡುವೆ, ತುಮಕೂರು ರಸ್ತೆಗೆ ಅಂಟಿಕೊಂಡಿರುವ ಮಾದನಾಯಕನಹಳ್ಳಿಯಂಥ ಊರಿನಲ್ಲಿ ಇದು ದೂರದ ವಿಷಯವಲ್ಲ. ಇಂದು ರಾಷ್ಟ್ರೀಯ ಹೆದ್ದಾರಿ 48, ಹಿಂದೆ 4 ಎಂದು ಕರೆಸಿಕೊಳ್ಳುತ್ತಿದ್ದ ಈ ದಾರಿಯಲ್ಲಿ ಹಗಲೂ ರಾತ್ರಿ ಲಾರಿ, ಬಸ್ಸು, ಕಾರ್ಖಾನೆಯ ವಾಹನಗಳ ಸಾಲು. ಇಂಥ ದಾರಿಯ ಆಟೋ ಎಲೆಕ್ಟ್ರಿಷಿಯನ್ನರಿಗೆ ‘ಬ್ಯಾಟರಿ ಡೌನ್’ ಎಂಬ ದೂರು ಹೊಸದಲ್ಲ. ಗಿರಾಕಿ ಬ್ಯಾಟರಿಯನ್ನು ಬೈಯುತ್ತಾನೆ, ಮೆಕ್ಯಾನಿಕ್ ‘ಡೈನಮೋ ನೋಡೋಣ’ ಎನ್ನುತ್ತಾನೆ. ಆಲ್ಟರ್ನೇಟರಿಗೆ ಗ್ಯಾರೇಜಿನಲ್ಲಿ ಇಂದೂ ಆ ಹಳೆಯ ಹೆಸರೇ. ಆದರೆ ಮಾರ್ಪಡಿಸಿದ ಬಸ್ಸಿನ ವಿಷಯದಲ್ಲಿ ಇಬ್ಬರೂ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಬೇಕು.

ಎಂಜಿನ್ನಿನ ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಎಂಬ ಈ ಸಣ್ಣ ಯಂತ್ರದ ಮೂಲತತ್ವ 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟದ್ದೇ: ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ದೈತ್ಯ ಜನರೇಟರುಗಳು ದುಡಿದದ್ದೂ ಇದೇ ತತ್ವದ ಮೇಲೆ. ಅಲ್ಲಿ ತಿರುಗಿಸಿದ್ದು ಕಾವೇರಿ, ಇಲ್ಲಿ ತಿರುಗಿಸುವುದು ಡೀಸೆಲ್.

ಒಳಗೆ ತಿರುಗುವ ಭಾಗ ರೋಟರ್. ಅದರ ಎರಡೂ ಬದಿಯಿಂದ ಉಗುರುಗಳಂತೆ ಚಾಚಿ ಒಂದರೊಳಗೊಂದು ಹೆಣೆದುಕೊಂಡ ಉಕ್ಕಿನ ಧ್ರುವಗಳು ಸಾಮಾನ್ಯವಾಗಿ 12. ನಡುವೆ ಒಂದು ಸುರುಳಿ. ಕಾರ್ಬನ್ ಬ್ರಷ್ ಮತ್ತು ಸ್ಲಿಪ್ ರಿಂಗುಗಳ ಮೂಲಕ ಆ ಸುರುಳಿಗೆ ಕೆಲವೇ ಆಂಪಿಯರ್ ಕರೆಂಟು ಹೋದರೆ ಸಾಕು, ರೋಟರ್ ಅಯಸ್ಕಾಂತವಾಗುತ್ತದೆ. ಸುತ್ತಲೂ ಕದಲದೆ ಕೂತ ಸ್ಟೇಟರಿನ ಮೂರು ಸುರುಳಿಗಳಲ್ಲಿ ಅದರ ಹತ್ತು ಹದಿನೈದು ಪಟ್ಟು ಕರೆಂಟು ಹುಟ್ಟುತ್ತದೆ. ಅದು ದಿಕ್ಕು ಬದಲಿಸುವ ಕರೆಂಟು. ರೋಟರ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 180 ಆವರ್ತನ, ಅಂದರೆ ಮನೆಯ ಕರೆಂಟಿನ ಮೂರೂವರೆ ಪಟ್ಟಿಗಿಂತ ಹೆಚ್ಚು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನ ಕರೆಂಟು. ಆ ಕೆಲಸ ಆರು ಸಿಲಿಕಾನ್ ಡಯೋಡುಗಳದು. ಇಂಥ ಡಯೋಡುಗಳು ಅಗ್ಗವಾಗಿ ಸಿಗತೊಡಗಿದ ಮೇಲೆಯೇ, 1960ರ ದಶಕದಿಂದ, ವಾಹನಗಳಲ್ಲಿ ಹಳೆಯ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಡೈನಮೋದಲ್ಲಿ ಹುಟ್ಟಿದ ಕರೆಂಟೆಲ್ಲ ಬ್ರಷ್ಷಿನ ಮೂಲಕವೇ ಹೊರಬರಬೇಕಿತ್ತು, ಬ್ರಷ್ ಬೇಗ ಸವೆಯುತ್ತಿತ್ತು. ಆಲ್ಟರ್ನೇಟರಿನ ಬ್ರಷ್ಷಿಗೆ ಅಷ್ಟು ಹೊರೆಯಿಲ್ಲ.

ಇನ್ನು ರೆಗ್ಯುಲೇಟರ್, ಅಂದರೆ ಗ್ಯಾರೇಜಿನ ಮಾತಿನ ‘ಕಟೌಟ್’. ವೋಲ್ಟೇಜ್ ಏರಿದರೆ ರೋಟರಿನ ಕರೆಂಟು ತಗ್ಗಿಸುತ್ತದೆ, ಇಳಿದರೆ ಹೆಚ್ಚಿಸುತ್ತದೆ. ದೊಡ್ಡ ಬಸ್ಸುಗಳದು 24 ವೋಲ್ಟಿನ ವ್ಯವಸ್ಥೆ. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಎಂಜಿನ್ ನಿಂತಿದ್ದಾಗ ಆರೋಗ್ಯವಂತ ಜೋಡಿ ಸುಮಾರು 25.4 ವೋಲ್ಟ್ ತೋರಿಸಬೇಕು, ಚಾರ್ಜ್ ಆಗುವಾಗ 28ರ ಆಸುಪಾಸು. ಮೂವತ್ತು ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ ಎಂದೇ ತಿಳಿಯಬೇಕು, ಬ್ಯಾಟರಿ ಕುದಿಯಲು ಶುರುವಾಗುತ್ತದೆ.

ಈಗ ನಿಂತ ಬಸ್ಸಿನ ಲೆಕ್ಕಕ್ಕೆ ಬರೋಣ. ಆಲ್ಟರ್ನೇಟರಿನ ಮೇಲೆ 45 ಆಂಪಿಯರ್ ಎಂದು ಬರೆದಿದ್ದರೆ ಆ ಅಂಕಿ ರೋಟರ್ ನಿಮಿಷಕ್ಕೆ 6000 ಸುತ್ತು ತಿರುಗುವಾಗಿನದು. ಡೀಸೆಲ್ ಎಂಜಿನ್ ಐಡ್ಲಿಂಗಿನಲ್ಲಿ ತಿರುಗುವುದು ನಿಮಿಷಕ್ಕೆ 600–700 ಸುತ್ತು. ಪುಲ್ಲಿಗಳ ಗಾತ್ರದ ಅಂತರದಿಂದ ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು ತಿರುಗಿದರೂ 1750 ದಾಟುವುದು ಕಷ್ಟ. ಆ ವೇಗದಲ್ಲಿ ಸಿಗುವುದು ಬರೆದದ್ದರ ಮೂರನೇ ಒಂದು ಭಾಗ, ಹೆಚ್ಚೆಂದರೆ ಶೇ. 40. ಅಂದರೆ 18 ಆಂಪಿಯರ್. ಒಳಗೆ ಫ್ರಿಜ್ಜು, ಕಂಪ್ಯೂಟರು, ಆಕ್ಸಿಜನ್ ಕಾನ್ಸಂಟ್ರೇಟರ್ ಎಲ್ಲ ಸೇರಿ 700 ವ್ಯಾಟ್ ಎಳೆಯುತ್ತಿವೆ ಎಂದುಕೊಳ್ಳೋಣ. ಇನ್ವರ್ಟರಿನ ನಷ್ಟ ಸೇರಿಸಿದರೆ 800 ವ್ಯಾಟ್, 28 ವೋಲ್ಟಿನಲ್ಲಿ ಸುಮಾರು 29 ಆಂಪಿಯರ್. ಕೊರತೆ ಗಂಟೆಗೆ 11 ಆಂಪಿಯರ್-ಅವರ್‌ನಂತೆ ಬ್ಯಾಟರಿಯಿಂದ ಇಳಿಯುತ್ತದೆ. ಎಂಜಿನ್ ಗುಡುಗುಡು ಎನ್ನುತ್ತಲೇ ಇರುತ್ತದೆ, ಡೀಸೆಲ್ ಖರ್ಚಾಗುತ್ತಲೇ ಇರುತ್ತದೆ, ಬ್ಯಾಟರಿ ಮಾತ್ರ ಖಾಲಿಯಾಗುತ್ತಿರುತ್ತದೆ. ನಾಲ್ಕು ಗಂಟೆ ಹೀಗೇ ನಿಂತು, ಎಂಜಿನ್ ಆರಿಸಿ, ಸಂಜೆ ಸೆಲ್ಫ್ ಹೊಡೆದರೆ ‘ಕಟ್ ಕಟ್’ ಸದ್ದಷ್ಟೇ ಕೇಳಬಹುದು.

ಕರೆಂಟಿನ ಕೊರತೆಯಷ್ಟೇ ಕೆಟ್ಟದ್ದು ಶಾಖ. ಇಂಥ ಆಲ್ಟರ್ನೇಟರುಗಳ ದಕ್ಷತೆ ಹೆಚ್ಚೆಂದರೆ ಶೇ. 55–60. 45 ಆಂಪಿಯರ್ ಪೂರ್ತಿ ಕೊಡುವಾಗ ಹೊರಬರುವುದು 1260 ವ್ಯಾಟ್ ವಿದ್ಯುತ್ತು, ಅದರೊಂದಿಗೆ ಇಸ್ತ್ರಿಪೆಟ್ಟಿಗೆಯೊಂದು ಕಾರುವಷ್ಟು, ಸುಮಾರು ಸಾವಿರ ವ್ಯಾಟ್, ಶಾಖ. ಅದನ್ನು ತೆಗೆದೊಯ್ಯಬೇಕಾದ ಫ್ಯಾನು ಅದೇ ಅಚ್ಚಿನ ಮೇಲಿದೆ. ಅಚ್ಚು ನಿಧಾನವಾದರೆ ಫ್ಯಾನೂ ನಿಧಾನ. ನಿಂತ ಬಸ್ಸಿಗೆ ಎದುರುಗಾಳಿಯೂ ಇಲ್ಲ. ಎಂಜಿನ್ ಮುಂದಿರುವ ಹಳೆಯ ಬಸ್ಸಾದರೆ ಬಾನೆಟ್ಟಿನ ಕೆಳಗಿನ ಬಿಸಿ ಬೇರೆ. ಅತ್ತ ರೆಗ್ಯುಲೇಟರ್ ಕೊರತೆ ನೀಗಿಸಲು ರೋಟರಿಗೆ ಪೂರ್ತಿ ಕರೆಂಟು ಕೊಡುತ್ತಲೇ ಇರುತ್ತದೆ. ಡಯೋಡುಗಳೂ ವೈಂಡಿಂಗಿನ ವಾರ್ನಿಶ್ಶೂ ಬೇಯುವುದು ಹೀಗೆ.

ಈ ಲೆಕ್ಕ ಗೊತ್ತಿದ್ದವರು ಏನು ಮಾಡುತ್ತಾರೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಗಳಿವೆ. ಕೊರೋನಾ ಎರಡನೇ ಅಲೆಯ ಹೊತ್ತಿಗೆ, 2021ರಲ್ಲಿ, ಕೆಎಸ್‌ಆರ್‌ಟಿಸಿ ತನ್ನ ಬಸ್ಸೊಂದನ್ನು ‘ಸಾರಿಗೆ ಸುರಕ್ಷಾ’ ಎಂಬ ಐದು ಹಾಸಿಗೆಗಳ ಸಂಚಾರಿ ಐಸಿಯು ಆಗಿ ಮಾರ್ಪಡಿಸಿತು. ಅದಕ್ಕೆ ಪ್ರತ್ಯೇಕ ಜನರೇಟರ್ ಇತ್ತು. ರೋಗಿಯ ಉಸಿರು ವೆಂಟಿಲೇಟರಿನ ಮೇಲೆ ನಿಂತಿರುವಾಗ ಎಂಜಿನ್ನಿನ ಆಲ್ಟರ್ನೇಟರನ್ನು ನೆಚ್ಚುವಂತಿರಲಿಲ್ಲ. ಅದಕ್ಕೂ ಹಿಂದೆ, 2020ರಲ್ಲಿ, ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿಸಿದಾಗ ದೀಪಗಳಿಗೆ ಸೌರಶಕ್ತಿ ಬಳಸಿದರು. ಒಂದೆಡೆ ನೆಲೆಯಾಗಿ ನಿಲ್ಲುವ ಬಸ್ಸಿಗೆ ಎಂಜಿನ್ನೇ ಬೇಕಿಲ್ಲ. ಎರಡೂ ಸರಿಯಾದ ತೀರ್ಮಾನಗಳು. ತೊಂದರೆಗೆ ಸಿಕ್ಕುವುದು ಇವೆರಡರ ನಡುವಿನವು: ಸ್ವಲ್ಪ ಓಡಿ, ಹೆಚ್ಚು ನಿಂತು, ಎಲ್ಲ ಹೊರೆಯನ್ನೂ ಹಳೆಯ ಆಲ್ಟರ್ನೇಟರಿನ ಮೇಲೇ ಹೇರುವ ಖಾಸಗಿ ಬಸ್ಸುಗಳು.

ಮಾರ್ಪಾಡಿನ ಕೆಲಸವೇ ಆಲ್ಟರ್ನೇಟರಿಗೆ ಕುತ್ತು ತರುವುದೂ ಉಂಟು. ಬಾಡಿ ಕಟ್ಟುವಾಗ ವೆಲ್ಡಿಂಗ್ ತಪ್ಪಿದ್ದಲ್ಲ. ಬ್ಯಾಟರಿ ಮತ್ತು ಆಲ್ಟರ್ನೇಟರಿನ ವೈರು ಬಿಚ್ಚದೆ ವೆಲ್ಡ್ ಮಾಡಿದರೆ ಆ ಕರೆಂಟು ದಾರಿ ಹುಡುಕುತ್ತ ಡಯೋಡುಗಳ ಮೂಲಕ ಹಾಯಬಹುದು. ಅರೆಬೆಂದ ಡಯೋಡು ಅಂದೇ ಸಾಯಬೇಕೆಂದಿಲ್ಲ. ಒಂದು ಡಯೋಡು ಸೋರತೊಡಗಿದರೆ ರಾತ್ರಿಯಿಡೀ ಬ್ಯಾಟರಿಯ ಕರೆಂಟು ಅದರ ಮೂಲಕ ಹಿಂದಕ್ಕೆ ಹರಿದು, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗದಿರಬಹುದು. ಹೊಸ ಬ್ಯಾಟರಿ ತಂದು ಹಾಕಿದರೂ ಅದೇ ಕಥೆ. ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲಿಟ್ಟು ನೋಡಿದರೆ ಕೆಟ್ಟ ಡಯೋಡಿನ ಗುಟ್ಟು ಬಯಲಾಗುತ್ತದೆ: ಇರಬಾರದ ಎಸಿ ವೋಲ್ಟೇಜ್ ಕಾಣಿಸುತ್ತದೆ.

ಇದನ್ನು ಬಿಟ್ಟು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ‘ಎಂಜಿನ್ ನಿಲ್ಲಲಿಲ್ಲ, ಡೈನಮೋ ಸರಿ ಇದೆ’ ಎನ್ನುವ ಪರೀಕ್ಷೆಯನ್ನು ಯಾರೂ ಮಾಡಬಾರದು. ಡೀಸೆಲ್ ಎಂಜಿನ್ ಹೇಗಿದ್ದರೂ ಓಡುತ್ತದೆ, ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಹೊರೆ ತಟ್ಟನೆ ಕಳಚಿದ್ದರಿಂದ 24 ವೋಲ್ಟಿನ ವ್ಯವಸ್ಥೆಯಲ್ಲಿ ಕ್ಷಣಮಾತ್ರಕ್ಕೆ ನೂರು ವೋಲ್ಟ್ ಮೀರಿದ ಅಲೆ ಏಳಬಹುದು. ಚೆನ್ನಾಗಿದ್ದ ಆಲ್ಟರ್ನೇಟರ್ ಪರೀಕ್ಷೆಯಲ್ಲೇ ಸತ್ತಿರುತ್ತದೆ.

ಮತ್ತೊಂದು ತಪ್ಪು 12 ವೋಲ್ಟಿನ ಆಸೆಯದು. ಸ್ಟೀರಿಯೊ, ಮೊಬೈಲ್ ಚಾರ್ಜರ್, ಸಣ್ಣ ಪಂಪುಗಳೆಲ್ಲ 12 ವೋಲ್ಟಿನಲ್ಲಿ ಸುಲಭವಾಗಿ ಸಿಗುತ್ತವೆಂದು ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರು ಎಳೆದುಬಿಡುತ್ತಾರೆ. ಆಲ್ಟರ್ನೇಟರಿಗೆ ಕಾಣುವುದು ಎರಡರ ಮೊತ್ತ ಮಾತ್ರ. ಒಂದು ಬ್ಯಾಟರಿ ಹಸಿದೇ ಉಳಿಯುತ್ತದೆ, ಇನ್ನೊಂದಕ್ಕೆ ಅತಿಯಾಗಿ ಚಾರ್ಜ್ ಆಗಿ ನೀರು ಆರುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ಸರಿದಾರಿ.

ಬಿಚ್ಚಿದಾಗ ಬ್ರಷ್ ಸವೆದಿದ್ದರೆ, ಬೇರಿಂಗ್ ಗೊರಗುಟ್ಟುತ್ತಿದ್ದರೆ, ಡಯೋಡ್ ಪ್ಲೇಟ್ ಹೋಗಿದ್ದರೆ ರಿಪೇರಿಯೇ ಲಾಭ. ಸ್ಟೇಟರ್ ವೈಂಡಿಂಗ್ ಸುಟ್ಟು ಕಪ್ಪಾಗಿದ್ದರೆ, ರೋಟರ್ ಸ್ಟೇಟರಿಗೆ ತಾಗಿ ಉಜ್ಜಿದ್ದರೆ ಹೊಸದು ಮೇಲು. ಭಾಗಗಳಿಗೆ ಅಲೆಯಬೇಕಾಗುವುದೂ ಕಡಿಮೆ. ಬೆಂಗಳೂರು ಈ ಯಂತ್ರದ ತವರುಗಳಲ್ಲೊಂದು: ಮೈಕೋ ಎಂದು 1951ರಲ್ಲಿ ಶುರುವಾದ ಬಾಷ್ ಕಂಪನಿ ಎಲೆಕ್ಟ್ರಾನಿಕ್ ಸಿಟಿಯ ಬಳಿಯ ನಾಗನಾಥಪುರದಲ್ಲಿ ಸ್ಟಾರ್ಟರ್ ಮತ್ತು ಆಲ್ಟರ್ನೇಟರುಗಳನ್ನು ತಯಾರಿಸುತ್ತಿತ್ತು. ಚೆನ್ನೈನ ಲೂಕಾಸ್ ಟಿವಿಎಸ್ ಹೆಸರೂ ಬಸ್ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ.

ಬದಲಿಸುವಾಗ ಒಂದು ಎಚ್ಚರಿಕೆ ಉಳಿದೆಲ್ಲಕ್ಕಿಂತ ಮುಖ್ಯ. ಹೈಡ್ರಾಲಿಕ್ ಬ್ರೇಕಿನ ಹಲವು ಹಳೆಯ ಮಿನಿಬಸ್ಸುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಬ್ರೇಕಿಗೆ ಬಲ ತುಂಬುವುದು ಅದೇ. ಪಂಪ್ ಇಲ್ಲದ ಆಲ್ಟರ್ನೇಟರ್ ಕೂರಿಸಿದರೆ ದೀಪ ಚೆನ್ನಾಗಿ ಉರಿದೀತು, ಬ್ರೇಕ್ ಪೆಡಲ್ ಮಾತ್ರ ಕಲ್ಲಾಗುತ್ತದೆ. ಏರ್ ಬ್ರೇಕಿನ ದೊಡ್ಡ ಬಸ್ಸುಗಳಿಗೆ ಈ ಭಯವಿಲ್ಲ.

45ರ ಜಾಗಕ್ಕೆ 100 ಆಂಪಿಯರಿನದು ಹಾಕಿದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಹಳೆಯ ಕೇಬಲ್ಲಿನ ರೋಧ ಓಮ್‌ನ ನೂರನೇ ಒಂದು ಭಾಗವಿದ್ದರೂ ಸಾಕು, 100 ಆಂಪಿಯರಿಗೆ ಒಂದು ವೋಲ್ಟ್ ದಾರಿಯಲ್ಲೇ ಸೋರಿ 100 ವ್ಯಾಟ್ ಶಾಖವಾಗುತ್ತದೆ. ಕೇಬಲ್ ದಪ್ಪವಾಗಬೇಕು, ಅರ್ತ್ ಜೋಡಣೆಯ ತುಕ್ಕು ಕೆರೆದು ಹೊಳಪು ಮಾಡಬೇಕು, ಬೆಲ್ಟ್ ಹೊಸ ಹೊರೆಯನ್ನು ತಡೆಯಬೇಕು. ಬ್ರಾಕೆಟ್ ಹೊಂದದಿದ್ದರೆ ಪೀಣ್ಯದಲ್ಲಿ ಲೇತ್ ವರ್ಕ್‌ಶಾಪುಗಳಿಗೆ ಬರವಿಲ್ಲ, ಆದರೆ ಪುಲ್ಲಿಗಳ ಸಾಲು ಕೂದಲೆಳೆಯಷ್ಟೂ ಓರೆಯಾಗದಂತೆ ನಿಂತು ಮಾಡಿಸಿಕೊಳ್ಳಬೇಕು. ಕೊನೆಗೆ ಎಂಜಿನ್ನನ್ನು ಐಡ್ಲಿಂಗಿನಲ್ಲೇ ಬಿಟ್ಟು, ಒಳಗಿನ ಪ್ರತಿಯೊಂದು ಉಪಕರಣವನ್ನೂ ಹಾಕಿ, ಅರ್ಧ ಗಂಟೆ ಕಾದು ಬ್ಯಾಟರಿಯ ಮೇಲೆ ಮೀಟರ್ ಇಡಬೇಕು. ಅಂಕಿ 27ಕ್ಕಿಂತ ಮೇಲೆ ನಿಂತಿದ್ದರೆ ಬಸ್ಸನ್ನು ಕಳಿಸಬಹುದು. ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಫ್ರಿಜ್ಜಿಗೆ ಛಾವಣಿಯ ಮೇಲೆ ಸೌರಫಲಕವನ್ನೋ ಪ್ರತ್ಯೇಕ ಜನರೇಟರನ್ನೋ ಆಗಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಹೊಸ ಬೆಲ್ಟನ್ನಂತೂ ಕೆಲವು ಗಂಟೆ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು, ಮೊದಲ ದಿನವೇ ಅದು ಸ್ವಲ್ಪ ಹಿಗ್ಗುತ್ತದೆ.