ಇಂಜಿನ್ನಿನ ಉಸಿರನ್ನು ಅರಿತವರು

ಮೋಟಾರು ಪಂದ್ಯವೆಂದರೆ ಕಾರು ಓಡಿಸಿದವನ ಹೆಸರು ಮಾತ್ರ ನಮ್ಮ ಕಿವಿಗೆ ಬೀಳುವುದು ವಾಡಿಕೆ. ಇಂಜಿನ್ ಕಟ್ಟಿದವರನ್ನು ಕೇಳುವವರಾರು? ಅಂಥವರಲ್ಲೊಬ್ಬರು ಕೀತ್ ಡಕ್‌ವರ್ತ್; 1933ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ಹುಟ್ಟಿದವರು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಓದಿ ಲೋಟಸ್ ಕಾರಿನ ಕಂಪನಿ ಸೇರಿದರು. ಅಲ್ಲಿ ಒಂದು ಗೇರುಪೆಟ್ಟಿಗೆಯನ್ನು ಸರಿಪಡಿಸುವ ಕೆಲಸ ಪಾಲಿಗೆ ಬಂತು. ಅದರ ರಚನೆಯೇ ಸರಿಯಿಲ್ಲ, ತೇಪೆ ಹಾಕುತ್ತ ಆಯುಷ್ಯ ಕಳೆಯಲಾರೆನೆಂದು ಹೇಳಿ ಕೆಲಸ ಬಿಟ್ಟರು. ತಿಂಗಳ ಸಂಬಳವನ್ನೇ ನೆಚ್ಚಿದ ನಮ್ಮಂಥ ಗುಮಾಸ್ತರಿಗೆ ಇದನ್ನು ಬರೆಯುವಾಗಲೇ ಕೈ ನಡುಗುತ್ತದೆ!

1958ರಲ್ಲಿ ಗೆಳೆಯ ಮೈಕ್ ಕಾಸ್ಟಿನ್‌ರೊಡನೆ ಸ್ವಂತ ಕಂಪನಿ ತೆರೆದರು. ಇಬ್ಬರ ಹೆಸರೂ ಬೆರೆತು ‘ಕಾಸ್‌ವರ್ತ್’ ಆಯಿತು. ಕಾಸ್ಟಿನ್ 1962ರವರೆಗೆ ಲೋಟಸ್‌ನಲ್ಲೇ ಉಳಿದುದರಿಂದ ಭಾರವೆಲ್ಲ ಇವರ ಹೆಗಲಿಗೇ ಬಿತ್ತು.

ಮೊದಲು ಕೈಹಾಕಿದ್ದು ಸಂಸಾರಿಗಳ ಕಾರಾದ ಫೋರ್ಡ್ ಆಂಗ್ಲಿಯಾದ ಒಂದು ಲೀಟರ್ ಇಂಜಿನ್ನಿಗೆ. ಬರಿಯ ಪೆಟ್ರೋಲು ಸುರಿದರೆ ಬಲ ಬಾರದು; ಅದು ಉರಿಯುವಷ್ಟು ಗಾಳಿಯೂ ಬೇಕು. ಸೌದೆ ಒಲೆ ಊದಿದ ನಮ್ಮ ತಾಯಂದಿರು ಇದನ್ನು ಚೆನ್ನಾಗಿ ಬಲ್ಲರು. ಕವಾಟಗಳನ್ನೆತ್ತುವ ಕ್ಯಾಮ್ ದಂಡದ ಉಬ್ಬುಗಳ ಆಕಾರ ಬದಲಿಸಿ, ಅವು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಿದರು. ಪುಟ್ಟ ಇಂಜಿನ್ ಪಂದ್ಯಕ್ಕಿಳಿಯಿತು.

ಬಳಿಕ ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡು ಕೊಟ್ಟಿತು. ಡಕ್‌ವರ್ತ್ ಮೂರು ಲೀಟರಿನ, ಎಂಟು ಸಿಲಿಂಡರಿನ ಇಂಜಿನ್ ರಚಿಸಿದರು. ಸಿಲಿಂಡರಿಗೆ ನಾಲ್ಕು ಕವಾಟ. ಕಾರಿನ ಹಿಂಭಾಗಕ್ಕೆ ಬೇರೆ ಚೌಕಟ್ಟಿಲ್ಲ, ಇಂಜಿನ್ನೇ ಬೆನ್ನೆಲುಬು. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ, ಮೊದಲ ಪಂದ್ಯದಲ್ಲೇ, ಜಿಮ್ ಕ್ಲಾರ್ಕ್ ಅದರಿಂದ ಗೆದ್ದರು. ಕಾರು ಯಾರದು ಬಲ್ಲಿರಾ? ಅದೇ ಲೋಟಸ್‌ನವರದು!

1983ರ ಡೆಟ್ರಾಯಿಟ್ ಪಂದ್ಯದ ಹೊತ್ತಿಗೆ ಈ ಮನೆತನದ ಇಂಜಿನುಗಳ ಗೆಲುವು 155 ಆಗಿತ್ತು. ಡಕ್‌ವರ್ತ್ 2005ರಲ್ಲಿ ತೀರಿಕೊಂಡರು.