ಬಿಳಿನೊಣಕ್ಕೆ ಸೋಪಿನ ನೀರು

ಹಿತ್ತಿಲಿನಲ್ಲಿ ಒಂದು ಸೀಬೆಯ ಮರ, ಬಾಗಿಲ ಬದಿಯಲ್ಲಿ ಒಂದು ದಾಸವಾಳ, ಕಾಂಪೌಂಡಿನ ಮೂಲೆಯಲ್ಲಿ ಒಂದು ತೆಂಗು. ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವವರಿಗೆ ಇಷ್ಟು ತೋಟವಿದ್ದರೆ ಅದೇ ಭಾಗ್ಯ. ಒಂದು ಬೆಳಗ್ಗೆ ಪೂಜೆಗೆ ಹೂ ಕೊಯ್ಯಲು ದಾಸವಾಳದ ಕೊಂಬೆಯನ್ನು ಬಗ್ಗಿಸುತ್ತೀರಿ. ಹಿಟ್ಟನ್ನು ತೂರಿದಂತೆ ಬಿಳಿಯ ಹುಳುಗಳು ಗುಂಪಾಗಿ ಮೇಲೆದ್ದು, ಕ್ಷಣದಲ್ಲೇ ಮತ್ತೆ ಎಲೆಯ ಅಡಿಗೆ ಸೇರಿಕೊಳ್ಳುತ್ತವೆ. ಮುಟ್ಟಿದ ಕೈ ಅಂಟಂಟು. ಕೆಳಗಿನ ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು. ಇದನ್ನು ಕಂಡ ಯಜಮಾನರು ಅಂಗಡಿಗೆ ಹೋಗಿ ಘಾಟು ವಾಸನೆಯ ಔಷಧದ ಬಾಟಲಿಯನ್ನು ತಂದುಬಿಡುವುದು ವಾಡಿಕೆ. ಆದರೆ ನಾಳೆ ಅದೇ ಮರದ ಸೀಬೆಕಾಯನ್ನು ಕಿತ್ತು, ತೊಳೆಯದೆ ಕಚ್ಚುವವರು ಮನೆಯ ಮಕ್ಕಳೇ. ಆದ್ದರಿಂದ ಆ ಬಾಟಲಿಯ ಮುಚ್ಚಳ ತೆಗೆಯುವ ಮುನ್ನ ಈ ಹುಳುವಿನ ವಿಚಾರವಾಗಿ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಹೆಸರು ಬಿಳಿನೊಣವಾದರೂ ಇದು ನೊಣವಲ್ಲ. ಸಸ್ಯಹೇನು, ಹಿಟ್ಟುತಿಗಣೆಗಳ ದಾಯಾದಿ. ಒಂದೆರಡು ಮಿಲಿಮೀಟರ್ ಉದ್ದದ ಈ ಜೀವಿ ಎಲೆಯ ಅಡಿಭಾಗದಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ತುಸುದೂರ ಹರಿದಾಡಿ, ಒಂದೆಡೆ ಸೂಜಿಯಂಥ ಬಾಯಿಯನ್ನು ಎಲೆಗೆ ಚುಚ್ಚಿ ಕುಳಿತರೆ ಮುಗಿಯಿತು. ರೆಕ್ಕೆ ಬರುವ ತನಕ ಅಲ್ಲಿಂದ ಕದಲುವುದಿಲ್ಲ. ಮೊಟ್ಟೆಯಿಂದ ರೆಕ್ಕೆಯವರೆಗಿನ ಈ ಬಾಳು ಬೆಚ್ಚನೆಯ ದಿನಗಳಲ್ಲಿ ಸುಮಾರು ಮೂರು ನಾಲ್ಕು ವಾರದ್ದು. ಹಾರುವ ಬಿಳಿ ಹುಳು ನಮ್ಮ ಕಣ್ಣಿಗೆ ಬೀಳುತ್ತದೆ. ಗಿಡದ ರಸವನ್ನು ಹಗಲಿರುಳೂ ಹೀರುವ ಮರಿಗಳು ಎಲೆಗೆ ಅಂಟಿದ ಹೊಟ್ಟಿನಂತೆ ಕಂಡು, ನಮ್ಮ ಗಮನದಿಂದ ತಪ್ಪಿಸಿಕೊಳ್ಳುತ್ತವೆ.

ಹೀರಿದ ರಸದಲ್ಲಿ ಸಕ್ಕರೆಯೇ ಹೆಚ್ಚು. ಮೈಗೆ ಬೇಡವಾದ ಸಕ್ಕರೆಯನ್ನು ಅವು ಅಂಟುದ್ರವವಾಗಿ ಹೊರಹಾಕುತ್ತವೆ. ಅದು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯನ್ನು ತಿನ್ನುವುದಿಲ್ಲ. ಆದರೆ ಬಿಸಿಲಿಗೆ ಅಡ್ಡವಾಗಿ ನಿಂತು, ಎಲೆ ಆಹಾರ ತಯಾರಿಸುವುದಕ್ಕೆ ತೊಡಕಾಗುತ್ತದೆ. ಸಿಹಿಯ ಆಸೆಗೆ ಇರುವೆಗಳೂ ಬಂದು, ಹುಳುವಿನ ಶತ್ರುಗಳನ್ನು ಓಡಿಸುತ್ತ ಕಾವಲು ನಿಲ್ಲುತ್ತವೆ.

ನಮ್ಮಲ್ಲಿ ಹಳೆಯ ಬಿಳಿನೊಣಗಳೂ ಉಂಟು, ಹೊಸದಾಗಿ ಬಂದವೂ ಉಂಟು. ಮೇಣದ ಪುಡಿಯೊಡನೆ ಸುರುಳಿ ಸುರುಳಿಯಾಗಿ ಮೊಟ್ಟೆಯಿಡುವ ಸುರುಳಿ ಬಿಳಿನೊಣ 1993ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಸೀಬೆ, ಪರಂಗಿ, ದಾಸವಾಳಗಳ ಮೇಲೆ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ಅದರದೇ ಬಳಗದ ರುಗೋಸ್ ಎಂಬ ಇನ್ನೊಂದು ಜಾತಿ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ಗೋಚರಿಸಿ, ಕರ್ನಾಟಕದ ತೆಂಗಿಗೂ ಬಂದಿತು. ಎರಡೂ ಮಧ್ಯ ಅಮೆರಿಕದ ಕಡೆಯವು.

ಇವುಗಳಿಗೆ ಸೋಪಿನ ನೀರು ಹಳೆಯ ಔಷಧ. ಪಾಶ್ಚಾತ್ಯರು 19ನೆಯ ಶತಮಾನದಲ್ಲೇ ತಿಮಿಂಗಿಲದ ಎಣ್ಣೆಯ ಸೋಪನ್ನು ಗುಲಾಬಿಯ ಹುಳುಗಳಿಗೆ ಎರಚುತ್ತಿದ್ದರು. ನಮ್ಮ ತೋಟಗಾರರಿಗೆ ಮೀನೆಣ್ಣೆಯ ಸೋಪು ಪರಿಚಿತ. ಸೋಪು ವಿಷವಲ್ಲವಲ್ಲ, ಹೇಗೆ ಕೊಂದೀತು ಎಂದು ಯಾರಾದರೂ ಕೇಳಬಹುದು. ಹುಳುವಿನ ಮೈಮೇಲೆ ನೀರು ಒಳನುಗ್ಗದಂತೆ, ಒಳಗಿನ ತೇವ ಆರದಂತೆ ಮೇಣದ ತೆಳು ಹೊದಿಕೆಯೊಂದಿರುತ್ತದೆ. ಬರೀ ನೀರು ಅದರ ಮೇಲಿಂದ ಜಾರಿಹೋಗುತ್ತದೆ. ಸೋಪಿನ ನೀರು ಜಾರುವುದಿಲ್ಲ. ಹೊದಿಕೆಯನ್ನು ಭೇದಿಸಿ, ಜೀವಕೋಶಗಳ ಪೊರೆಯನ್ನು ಕೆಡಿಸಿ, ಉಸಿರಿನ ರಂಧ್ರಗಳಿಗೂ ನುಗ್ಗುತ್ತದೆ. ಆದರೆ ಇದೆಲ್ಲ ನಡೆಯುವುದು ನೀರು ಹಸಿಯಾಗಿರುವ ತನಕ, ಅದೂ ಅದು ತಾಗಿದ ಹುಳುವಿಗೆ ಮಾತ್ರ. ಒಣಗಿದ ಮೇಲೆ ಅದರ ಕೆಲಸ ಮುಗಿಯಿತು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಧಾನವೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಸೋಪಿನ ಆಯ್ಕೆ. ಗಿಡಗಳಿಗೆಂದೇ ಮಾರುವ ಪೊಟ್ಯಾಸಿಯಂ ಸೋಪು ಎಲ್ಲಕ್ಕಿಂತ ಉತ್ತಮ. ಸಾಮಾನ್ಯವಾಗಿ ಲೀಟರ್ ನೀರಿಗೆ 10ರಿಂದ 20 ಮಿಲಿಲೀಟರ್ ಸಾಕು. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಮೀರಕೂಡದು. ಅದು ಸಿಗದಿದ್ದರೆ ಎಣ್ಣೆಯಿಂದ ಮಾಡಿದ, ಸುವಾಸನೆಯಿಲ್ಲದ ನಿಜವಾದ ಸೋಪನ್ನು ಹೆರೆದು, ಲೀಟರಿಗೆ 5 ಗ್ರಾಂನಂತೆ ಕರಗಿಸಬಹುದು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಇವು ಸೋಪಲ್ಲ. ಎಲೆಯ ಮೇಣವನ್ನೂ ತೆಗೆದು, ಅಂಚನ್ನು ಸುಟ್ಟುಬಿಡಬಲ್ಲವು.

ಎರಡನೆಯದು ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಮೊಸರು ಒಡೆದಂತೆ ಗಷ್ಟುಗಟ್ಟುವುದನ್ನು ಗೃಹಿಣಿಯರೆಲ್ಲ ಬಲ್ಲರು. ನೀರಿನ ಸುಣ್ಣದಂಶ ಸೋಪನ್ನು ಹಿಡಿದುಕೊಂಡಿತು ಎಂದು ಅದರ ಅರ್ಥ. ಅಂಥ ನೀರಿನಿಂದ ಹುಳು ಸಾಯುವುದಿಲ್ಲ, ಪಂಪಿನ ಮೂತಿ ಮಾತ್ರ ಕಟ್ಟಿಕೊಳ್ಳುತ್ತದೆ. ಹಿಡಿದಿಟ್ಟ ಮಳೆನೀರು ಇದಕ್ಕೆ ಶ್ರೇಷ್ಠ.

ಮೂರನೆಯದು ಸಿಂಪಡಿಸುವ ಕ್ರಮ. ಹಿಂದಿನ ದಿನ ಗಿಡದ ಬುಡಕ್ಕೆ ಚೆನ್ನಾಗಿ ನೀರುಣಿಸಿ. ಬಾಯಾರಿದ ಗಿಡಕ್ಕೆ ಸೋಪು ಸಹಿಸದು. ಮೊದಲು ನಾಲ್ಕೆಂಟು ಎಲೆಗಳಿಗೆ ಮಾತ್ರ ಹೊಡೆದು ಎರಡು ದಿನ ಕಾದು ನೋಡಿ; ಎಲೆ ಹಳದಿಯಾಗಿ ಅಂಚು ಒಣಗಿದರೆ ಆ ಗಿಡಕ್ಕೆ ಈ ಔಷಧ ಬೇಡ. ಬಿಸಿಲೇರುವ ಮುನ್ನ ಬೆಳಗ್ಗೆ, ಇಲ್ಲವೆ ಸಂಜೆ ಹೊಡೆಯಬೇಕು. ಅರಳಿದ ಹೂವಿನ ಮೇಲೆ, ಜೇನ್ನೊಣ ಓಡಾಡುವ ಹೊತ್ತಿನಲ್ಲಿ ಹೊಡೆಯಕೂಡದು. ಮುಖ್ಯವಾದ ಮಾತು ಇದು: ಪಂಪಿನ ಮೂತಿ ಕೆಳಗಿನಿಂದ ಮೇಲಕ್ಕೆ ಇರಲಿ. ಎಲೆಯ ಮೇಲ್ಭಾಗಕ್ಕೆ ಎಷ್ಟು ಕೊಡ ಸುರಿದರೂ ಹುಳುವಿಗೆ ಅದು ಸೂರಿನ ಮೇಲೆ ಬಿದ್ದ ಮಳೆಯಷ್ಟೆ. ಎಲೆಯ ಅಡಿ ತೊಯ್ದು ಹನಿ ತೊಟ್ಟಿಕ್ಕಬೇಕು. ನೀರು ಮುಖಕ್ಕೆ ಬೀಳುವುದರಿಂದ ಕಣ್ಣಿಗೊಂದು ಕನ್ನಡಕ ಧರಿಸುವುದು ಕ್ಷೇಮ.

ಒಂದು ಸಲಕ್ಕೆ ಕೆಲಸ ಮುಗಿಯುವುದಿಲ್ಲ. ಮೊಟ್ಟೆಗಳಿಗೆ ಸೋಪು ಅಷ್ಟಾಗಿ ತಾಗುವುದಿಲ್ಲ. ನಾಲ್ಕಾರು ದಿನದಲ್ಲಿ ಅವು ಒಡೆದು ಹೊಸ ಮರಿಗಳು ಬರುತ್ತವೆ. ಆದ್ದರಿಂದ ಐದರಿಂದ ಏಳು ದಿನಕ್ಕೊಮ್ಮೆ, ಮೂರು ನಾಲ್ಕು ಸಲ ಹೊಡೆಯಬೇಕು. ಮೊದಲ ಸಲದ ಮರುದಿನವೇ ಹುಳು ಕಂಡಿತೆಂದು ಸೋಪಿನ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಹುಳುವಿಗಿಂತ ಮೊದಲು ಗಿಡ ಹೋದೀತು.

ಎತ್ತರದ ತೆಂಗಿಗೆ ಈ ಪಂಪು ಎಟುಕುವುದಿಲ್ಲ, ಅದಕ್ಕಾಗಿ ಹರಸಾಹಸ ಮಾಡುವ ಅಗತ್ಯವೂ ಇಲ್ಲ. ಎಳೆಯ ಸಸಿಯಾದರೆ ಗರಿಯ ಅಡಿಗೆ ರಭಸವಾಗಿ ನೀರು ಬಿಟ್ಟು ತೊಳೆದರೆ ಎಷ್ಟೋ ಹುಳು ಉದುರುತ್ತದೆ. ಬೂಷ್ಟು ಹಿಡಿದ ಗರಿಗೆ ಲೀಟರಿಗೆ 10 ಗ್ರಾಂ ಪಿಷ್ಟ ಹಾಕಿ ಕಾಯಿಸಿ ಆರಿಸಿದ ಗಂಜಿಯನ್ನು ಎರಚಿದರೆ, ಒಣಗಿದಾಗ ಬೂಷ್ಟು ಹಕ್ಕಳೆಯಾಗಿ ಎದ್ದುಬರುತ್ತದೆ.

ದೊಡ್ಡ ಮರಗಳನ್ನು ಕಾಯುವವರು ಬೇರೆಯೇ ಇದ್ದಾರೆ. ಸುರುಳಿ ಬಿಳಿನೊಣದ ಬೆನ್ನಟ್ಟಿ ಎನ್ಕಾರ್ಸಿಯ ಎಂಬ ಕಣಜವೂ ನಮ್ಮ ದೇಶಕ್ಕೆ ಬಂದು ಸೇರಿತು. ಸಾಸಿವೆ ಕಾಳಿಗಿಂತ ಚಿಕ್ಕದಾದ ಇದು ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿ ಅದನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. 2016ರಲ್ಲಿ ಬಂದ ರುಗೋಸ್ ನೊಣದ ಮೇಲೂ ಇದೇ ಕಣಜ ತಾನಾಗಿ ಎರಗಿತು. ಒಂದು ಎಲೆಯನ್ನು ಕಿತ್ತು ಭೂತಕನ್ನಡಿಯಲ್ಲಿ ನೋಡಿ. ಮರಿಯ ಖಾಲಿ ಚಿಪ್ಪು ಸೀಳಿಕೊಂಡಿದ್ದರೆ ಅಲ್ಲಿಂದ ಬಿಳಿನೊಣ ಹಾರಿಹೋಗಿದೆ. ಚಿಪ್ಪಿನಲ್ಲಿ ದುಂಡನೆಯ ತೂತಿದ್ದರೆ ಅಲ್ಲಿಂದ ಹೊರಟದ್ದು ಕಣಜ. ದುಂಡು ತೂತುಗಳೇ ಹೆಚ್ಚಾಗಿದ್ದರೆ ಪಂಪನ್ನು ಗೋಡೆಗೆ ಒರಗಿಸಿ ಸುಮ್ಮನಿರುವುದೇ ಲೇಸು.

ಸೋಪಿನ ನೀರು ತಾಗಿದರೆ ಕಣಜವೂ ಸಾಯುತ್ತದೆ, ನಿಜ. ಆದರೆ ನೀರು ಒಣಗಿದ ಮೇಲೆ ಬಂದ ಕಣಜಕ್ಕೆ ಅಪಾಯವಿಲ್ಲ. ಘಾಟು ಬಾಟಲಿಯ ವಿಷವಾದರೋ ದಿನಗಟ್ಟಲೆ ಎಲೆಯ ಮೇಲೆ ನಿಂತು, ಬಂದ ಮಿತ್ರರನ್ನೆಲ್ಲ ಕೊಲ್ಲುತ್ತದೆ. ಅಳಿದುಳಿದ ಬಿಳಿನೊಣ ಮಾತ್ರ ಅಡ್ಡಿಯಿಲ್ಲದೆ ಮತ್ತೆ ಹೆಚ್ಚುತ್ತದೆ. ಬೇಗ ಮುಗಿದುಹೋಗುವುದು ಸೋಪಿನ ದೋಷವೆಂದು ಮೊದಲು ತೋರಿತಲ್ಲವೆ? ಅದೇ ಅದರ ಗುಣ. ಹೊಡೆದ ಮರುದಿನ ಹಣ್ಣನ್ನು ತೊಳೆದು ಮಕ್ಕಳ ಕೈಗೆ ಕೊಡಬಹುದಾದದ್ದೂ ಆ ಗುಣದಿಂದಲೇ. ನಾವು ಕೊಡಬೇಕಾದದ್ದು ನಾಲ್ಕು ವಾರದ ತಾಳ್ಮೆ, ಮತ್ತು ಎಲೆಯನ್ನು ಮಗುಚಿ ನೋಡುವ ಅಭ್ಯಾಸ.